‘ದಾಂಡೇಲಿ’ಗೆ ಎಷ್ಟು ಅಕ್ಷರ?

‘ದಾಂಡೇಲಿ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಒಂದನೇ ತರಗತಿಯ ಮಗು ದಾಂ, ಡೇ, ಲಿ ಎಂದು ಬೆರಳು ಮಡಚಿ ಮೂರು ಎನ್ನುತ್ತದೆ. ಅದೇ ಪ್ರಶ್ನೆಯನ್ನು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೇಳಿದರೆ ಏಳು ಎನ್ನುತ್ತದೆ. ಹಳಿಯಾಳಕ್ಕೆ ನಮ್ಮ ಲೆಕ್ಕ ನಾಲ್ಕು, ಅದರ ಲೆಕ್ಕ ಆರು. ಜೊಯಿಡಾ ನಮಗೆ ಮೂರು, ಅದಕ್ಕೆ ಆರು. ಮುಂಡಗೋಡ ನಮಗೆ ನಾಲ್ಕು, ಅದಕ್ಕೆ ಏಳು. ಯಂತ್ರ ಸುಳ್ಳು ಹೇಳುತ್ತಿಲ್ಲ. ವ್ಯಂಜನ, ಅದಕ್ಕೆ ಹತ್ತುವ ಸ್ವರಚಿಹ್ನೆ, ಅನುಸ್ವಾರ ಇವೆಲ್ಲ ಅದರ ಪಾಲಿಗೆ ಬೇರೆ ಬೇರೆ ಸಂಕೇತಗಳು. ಸಂಕೇತಗಳನ್ನು ಎಣಿಸಿ ಹೇಳುತ್ತದೆ, ಅಷ್ಟೆ.

ಈ ವ್ಯತ್ಯಾಸದಿಂದ ಯಾರಿಗೇನು ತೊಂದರೆ ಎಂದು ಕೇಳಬಹುದು. ಪಡಿತರ ಚೀಟಿ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಬ್ಯಾಂಕ್ ಖಾತೆ ಯಾವುದಕ್ಕೇ ಆಗಲಿ, ಇಂದು ನಾವು ಹೆಸರು-ಊರು ತುಂಬುವುದು ಬ್ರೌಸರ್‌ನಲ್ಲಿ ತೆರೆದ ಒಂದು ಅರ್ಜಿಯಲ್ಲಿ. ಆ ಅರ್ಜಿಯ ಹಿಂದೆ ಕೂತು ‘ಇದು ಸರಿ, ಇದು ತಪ್ಪು’ ಎಂದು ತೀರ್ಮಾನಿಸುವುದು ಬಹುಪಾಲು ಜಾವಾಸ್ಕ್ರಿಪ್ಟ್. ಹೆಸರಿನ ಜಾಗಕ್ಕೆ ಇಪ್ಪತ್ತು ಅಕ್ಷರಗಳ ಮಿತಿ ಹಾಕಿದ್ದರೆ ಇಂಗ್ಲಿಷಿನಲ್ಲಿ ಬರೆಯುವವನಿಗೆ ಇಪ್ಪತ್ತೂ ದಕ್ಕುತ್ತವೆ. ಕನ್ನಡದಲ್ಲಿ ಬರೆಯುವವಳಿಗೆ ಹತ್ತೋ ಹನ್ನೊಂದೋ ಆಗುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಇಂಥ ತಪ್ಪು ಜನರ ಕೈಗೆ ಹೋಗುವ ಮೊದಲೇ ಸಿಕ್ಕಿಬೀಳಲಿ ಎಂದು ತಂತ್ರಾಂಶ ಬರೆಯುವವರು ಟೆಸ್ಟ್ ಬರೆಯುತ್ತಾರೆ. ಟೆಸ್ಟ್ ಎಂದರೆ ಕೋಡನ್ನು ಪರೀಕ್ಷಿಸುವ ಇನ್ನೊಂದು ಚಿಕ್ಕ ಕೋಡ್: ‘ಊರಿನ ಜಾಗದಲ್ಲಿ ದಾಂಡೇಲಿ ಎಂದು ಕೊಟ್ಟೆ, ಅರ್ಜಿ ಸ್ವೀಕಾರವಾಗಬೇಕು’. ಇಂಥ ನೂರಾರು, ಸಾವಿರಾರು ಟೆಸ್ಟ್‌ಗಳನ್ನು ಒಂದೊಂದಾಗಿ ಎತ್ತಿಕೊಂಡು, ಓಡಿಸಿ, ಪಾಸಾದದ್ದಕ್ಕೆ ಹಸಿರು, ಫೇಲಾದದ್ದಕ್ಕೆ ಕೆಂಪು ಗುರುತು ಹಾಕಿ ವರದಿ ಒಪ್ಪಿಸುವ ವ್ಯವಸ್ಥೆಯೇ ಟೆಸ್ಟಿಂಗ್ ಫ್ರೇಮ್‌ವರ್ಕ್.

ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಗಾಗಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಬರೆದರು. ಆಗ ಅದು ಪುಟದ ಮೇಲೆ ಗುಂಡಿ ಅಲ್ಲಾಡಿಸುವ ಭಾಷೆ. ಅದಕ್ಕೊಂದು ಪರೀಕ್ಷಾ ವ್ಯವಸ್ಥೆ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಆಮೇಲೆ ಕ್ಯೂಯುನಿಟ್ ಬಂತು, 2010ರಲ್ಲಿ ಜಾಸ್ಮಿನ್, 2011ರಲ್ಲಿ ಮೋಕಾ, 2014ರಲ್ಲಿ ಫೇಸ್‌ಬುಕ್ ತನ್ನ ಒಳಬಳಕೆಯಿಂದ ಹೊರಗೆ ಬಿಟ್ಟ ಜೆಸ್ಟ್, 2021ರ ಕೊನೆಗೆ ವೈಟೆಸ್ಟ್. 2022ರಲ್ಲಿ, ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ತನ್ನ 18ನೇ ಆವೃತ್ತಿಯ ಒಳಗೇ ಒಂದು ಪರೀಕ್ಷಾ ವ್ಯವಸ್ಥೆಯನ್ನು ಇಟ್ಟುಕೊಂಡಿತು. ಹೆಸರುಗಳ ಈ ಮೆರವಣಿಗೆ ನನಗೆ ಅಷ್ಟು ಮುಖ್ಯವಲ್ಲ. ಒಮ್ಮೆ ಕಟ್ಟಿದ ಪರೀಕ್ಷಾ ವ್ಯವಸ್ಥೆಯನ್ನು, ಜಗತ್ತು ಅದನ್ನು ನಂಬಿಕೊಂಡು ಕೆಲಸ ಮಾಡುತ್ತಿರುವಾಗಲೇ, ಬಿಚ್ಚಿ ಮತ್ತೆ ಜೋಡಿಸುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಟೆಸ್ಟ್ ಎರಡು ಬಗೆಯಲ್ಲಿ ದಾರಿ ತಪ್ಪಿಸಬಲ್ಲದು. ಸರಿ ಇರುವುದನ್ನು ತಪ್ಪೆಂದರೆ ಸುಳ್ಳು ಕೆಂಪು. ಅದು ಕಿರಿಕಿರಿ, ಅರ್ಧ ದಿನ ಹಾಳು, ಆದರೆ ಕೊನೆಗೆ ಗೊತ್ತಾಗುತ್ತದೆ. ತಪ್ಪನ್ನು ಸರಿಯೆಂದರೆ ಸುಳ್ಳು ಹಸಿರು. ಹಸಿರು ಕಂಡವರು ಮತ್ತೆ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಹೀಗಾಗಿ ಅಪಾಯ ಇರುವುದು ಎರಡನೆಯದರಲ್ಲಿ.

ಸುಳ್ಳು ಹಸಿರಿಗೆ ನಮ್ಮ ಭಾಷೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಹೆಸರಿನಲ್ಲಿ ಅಂಕಿ, ಚಿಹ್ನೆಗಳು ನುಸುಳದಂತೆ ‘ಅಕ್ಷರ ಮಾತ್ರ ಇರಲಿ’ ಎಂಬ ನಿಯಮ ಬರೆಯುವುದು ವಾಡಿಕೆ. 2018ರಿಂದ ಜಾವಾಸ್ಕ್ರಿಪ್ಟ್‌ನಲ್ಲಿ, ಜಗತ್ತಿನ ಲಿಪಿಗಳ ಸಂಕೇತಪಟ್ಟಿಯಾದ ಯೂನಿಕೋಡ್‌ನ ವರ್ಗಗಳನ್ನೇ ಹೆಸರಿಸಿ ಈ ನಿಯಮ ಬರೆಯಬಹುದು. ‘ಅಕ್ಷರ’ ಎಂಬ ವರ್ಗ ಜಗತ್ತಿನ ಎಲ್ಲ ಲಿಪಿಗಳಿಗೂ ಅನ್ವಯಿಸುತ್ತದೆ. ಕನ್ನಡಕ್ಕೂ ಆಯಿತಲ್ಲ ಎಂದು ಸಮಾಧಾನಪಟ್ಟು ಪ್ರೋಗ್ರಾಮರ್ ‘ಕಮಲ’ ಎಂಬ ಹೆಸರು ಕೊಟ್ಟು ಟೆಸ್ಟ್ ಬರೆಯುತ್ತಾನೆ. ಹಸಿರು. ಇನ್ನೊಂದಿರಲಿ ಎಂದು ‘ಬಸವ’. ಹಸಿರು. ಆದರೆ ಯೂನಿಕೋಡ್‌ನ ಕಣ್ಣಿನಲ್ಲಿ ಕನ್ನಡದ ಸ್ವರಚಿಹ್ನೆಗಳೂ ಅನುಸ್ವಾರವೂ ‘ಅಕ್ಷರ’ ವರ್ಗಕ್ಕೆ ಸೇರಿಲ್ಲ, ‘ಚಿಹ್ನೆ’ ಎಂಬ ಇನ್ನೊಂದು ವರ್ಗಕ್ಕೆ ಸೇರಿವೆ. ಗುಣಿತವೇ ಇಲ್ಲದ ಹೆಸರುಗಳು ಮಾತ್ರ ಆ ನಿಯಮದಲ್ಲಿ ಪಾರಾಗುತ್ತವೆ. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ನಾಲ್ಕೂ ತಿರಸ್ಕಾರವಾಗುತ್ತವೆ. ಕಮಲ, ಬಸವ ಎಂಬ ಹೆಸರುಗಳ ಬದಲು ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹೆಸರುಗಳಲ್ಲಿ ಯಾವುದಾದರೂ ಒಂದನ್ನು ಟೆಸ್ಟ್‌ಗೆ ಕೊಟ್ಟಿದ್ದರೂ ತಪ್ಪು ಅಲ್ಲೇ ಸಿಗುತ್ತಿತ್ತು.

ಇದು ಟೆಸ್ಟ್ ಬರೆದವನ ತಪ್ಪು, ಫ್ರೇಮ್‌ವರ್ಕ್‌ನದಲ್ಲ. ಫ್ರೇಮ್‌ವರ್ಕೇ ಸುಳ್ಳು ಹಸಿರು ತೋರಿಸುವುದೂ ಉಂಟು. ಸರ್ವರ್‌ನಿಂದ ಉತ್ತರ ಬರಲಿ ಎಂದು ಕಾಯಬೇಕಾದ ಟೆಸ್ಟ್‌ನಲ್ಲಿ ‘ಕಾಯಿ’ ಎಂಬ ಒಂದು ಪದ ಬರೆಯಲು ಮರೆತರೆ, ಉತ್ತರ ಬರುವ ಮೊದಲೇ ಟೆಸ್ಟ್ ಮುಗಿಯುತ್ತದೆ. ಏನನ್ನೂ ಪರೀಕ್ಷಿಸದ ಆ ಟೆಸ್ಟ್‌ಗೆ ಬೀಳುವುದು ಹಸಿರು ಗುರುತೇ. ಉತ್ತಮಪಡಿಸುವುದು ಎಂದರೆ ಇಂಥ ಬಿರುಕುಗಳನ್ನು ಒಂದೊಂದಾಗಿ ಮುಚ್ಚುವುದು. ಆದರೆ ಮುಚ್ಚುವ ಕೆಲಸವೇ ಕಷ್ಟದ್ದು. ಹಳಿಯಾಳದ ಸಂತೆಯಲ್ಲಿ ವ್ಯಾಪಾರಿಯ ಭತ್ತ ತೂಗುವುದು ತಕ್ಕಡಿ. ತಕ್ಕಡಿಯ ಮೇಲೇ ಅನುಮಾನ ಬಂದರೆ ಅದನ್ನು ಅದರಿಂದಲೇ ತೂಗಿ ನೋಡಲಾಗದು, ಇಲಾಖೆ ಮುದ್ರೆ ಹಾಕಿದ ಬೇರೆ ತೂಕದ ಕಲ್ಲು ಬೇಕು. ಫ್ರೇಮ್‌ವರ್ಕ್ ಬದಲಿಸುವವರಿಗೂ ಹೊರಗಿನ ಸಾಕ್ಷಿ ಬೇಕು.

ಹೀಗೆ ಕೋಡನ್ನು ತಿದ್ದುವುದಕ್ಕೆ ಇರುವ ರಿಫ್ಯಾಕ್ಟರಿಂಗ್ ಎಂಬ ಮಾತು ಸುಮ್ಮನೆ ‘ಚೆಂದಗೊಳಿಸು’ ಎಂಬ ಅರ್ಥದಲ್ಲಿ ಬಳಕೆಯಾಗುತ್ತಿದೆ. ಅದರ ಮೂಲ ಅರ್ಥ ಬಹಳ ಬಿಗಿಯಾದದ್ದು: ಹೊರಗಿನವರಿಗೆ ಕಾಣುವ ವರ್ತನೆ ಒಂದಿಷ್ಟೂ ಬದಲಾಗದಂತೆ ಒಳಗಿನ ಕಟ್ಟಣೆಯನ್ನು ತಿದ್ದುವುದು. ವಿಲಿಯಂ ಆಪ್ಡೈಕ್ 1992ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಈ ವಿಷಯದ ಮೇಲೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು, ಮಾರ್ಟಿನ್ ಫೌಲರ್ ಅವರ ಪುಸ್ತಕ 1999ರಲ್ಲಿ ಬಂದು ಮಾತು ಮನೆಮಾತಾಯಿತು. 2018ರ ಎರಡನೇ ಆವೃತ್ತಿಗೆ ಫೌಲರ್ ತಮ್ಮ ಜಾವಾ ಉದಾಹರಣೆಗಳನ್ನು ಬಿಟ್ಟು ಜಾವಾಸ್ಕ್ರಿಪ್ಟ್ ಉದಾಹರಣೆಗಳನ್ನು ಆರಿಸಿಕೊಂಡರು. ಅವರ ಪುಸ್ತಕದ ಮೊದಲ ಪಾಠವೇ, ತಿದ್ದಲು ಕೈ ಹಾಕುವ ಮೊದಲು ನಂಬಬಹುದಾದ ಟೆಸ್ಟ್‌ಗಳು ಇರಬೇಕು ಎಂಬುದು. ತಿದ್ದುತ್ತಿರುವುದೇ ಟೆಸ್ಟ್ ಓಡಿಸುವ ಯಂತ್ರವಾದರೆ ಆ ಪಾಠವನ್ನು ಪಾಲಿಸುವ ಬಗೆ ಹೇಗೆ?

ಇದಕ್ಕೆ ಉತ್ತರವಾಗಿ ನಾನು ಜೆಸ್ಟ್‌ನ ಕಥೆ ಹೇಳುತ್ತೇನೆ. ಈ ಕ್ಷೇತ್ರದಲ್ಲಿ ಇಷ್ಟು ತಾಳ್ಮೆಯಿಂದ ಆದ ಇನ್ನೊಂದು ದುರಸ್ತಿ ನನಗೆ ಗೊತ್ತಿಲ್ಲ.

ಜೆಸ್ಟ್ ಮೊದಲು ತನ್ನ ಒಳಗೆ ಇಟ್ಟುಕೊಂಡಿದ್ದ ಎಂಜಿನ್ ಜಾಸ್ಮಿನ್‌ನದು. ಇನ್ನೊಬ್ಬರ ಎಂಜಿನ್ನನ್ನು ತಂದು, ತಮಗೆ ಬೇಕಾದಂತೆ ಕತ್ತರಿಸಿ ಜೋಡಿಸಿಕೊಂಡಿದ್ದರು. ಆರಂಭದಲ್ಲಿ ಜೆಸ್ಟ್‌ಗೆ ನಿಧಾನ ಎಂಬ ಹೆಸರೂ ಇತ್ತು. ಹೇಳದೆ ಕೇಳದೆ ಪ್ರತಿಯೊಂದು ಭಾಗದ ಜಾಗದಲ್ಲೂ ನಕಲಿ ಭಾಗ ಕೂರಿಸುವ ಅದರ ರೂಢಿ ಹೊಸಬರನ್ನು ಕಂಗೆಡಿಸುತ್ತಿತ್ತು. ಕ್ರಿಸ್ಟೋಫ್ ನಕಜಾವಾ ಅವರ ಮುಂದಾಳತ್ವದಲ್ಲಿ 2016ರಲ್ಲಿ ಬಂದ 15ನೇ ಆವೃತ್ತಿ ಆ ರೂಢಿಯನ್ನು ಕೈಬಿಟ್ಟಿತು. ಆದರೆ ಎಂಜಿನ್ ಹಳೆಯದೇ ಉಳಿಯಿತು. ಹೊಸ ಸೌಲಭ್ಯ ಸೇರಿಸಬೇಕೆಂದರೆ ಅದರ ಯಾವ ಮೂಲೆ ಮುಟ್ಟಿದರೆ ಯಾವುದು ಕಳಚುತ್ತದೆಂದು ಹೇಳಲಾಗುತ್ತಿರಲಿಲ್ಲ.

2017ರಲ್ಲಿ ತಂಡ ಹೊಸ ಎಂಜಿನ್ ಬರೆಯಲು ಕೂತಿತು. ಹೆಸರು ಸರ್ಕಸ್. ಅದರ ವಿನ್ಯಾಸ ಸರಳ: ಟೆಸ್ಟ್ ಶುರುವಾಯಿತು, ಟೆಸ್ಟ್ ಮುಗಿಯಿತು, ಟೆಸ್ಟ್ ಬಿದ್ದಿತು ಎಂಬ ಪ್ರತಿಯೊಂದು ಘಟನೆಯನ್ನೂ ಎಂಜಿನ್ ಸಾರಿ ಹೇಳುತ್ತದೆ, ಬೇಕಾದವರು ಕೇಳಿಸಿಕೊಂಡು ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ. ಸ್ಥಿತಿಯೆಲ್ಲ ಒಂದೇ ಕಡೆ ಇರುತ್ತದೆ. ಬರೆದದ್ದನ್ನು ಅವರು ತಕ್ಷಣ ಹಳೆಯದರ ಜಾಗದಲ್ಲಿ ಕೂರಿಸಲಿಲ್ಲ. ಬೇಕಾದವರು ಪ್ರಯತ್ನಿಸಿ ನೋಡಲಿ ಎಂದು ಪ್ರತ್ಯೇಕ ಪ್ಯಾಕೇಜಾಗಿ ಹೊರಗಿಟ್ಟರು. ಜೆಸ್ಟ್‌ನ ಸ್ವಂತ ಟೆಸ್ಟ್‌ಗಳನ್ನು ಹಳೆಯ ಎಂಜಿನ್ ಮೇಲೂ ಹೊಸದರ ಮೇಲೂ ಓಡಿಸುವ ಏರ್ಪಾಡು ಮಾಡಿದರು. ಹೊರಗಿನ ಸಾಕ್ಷಿಯ ವಿಷಯಕ್ಕೆ ಬಂದರೆ, ಒಂದು ಚಿಕ್ಕ ಯೋಜನೆಯನ್ನು ಸಿದ್ಧಮಾಡಿಟ್ಟು, ಜೆಸ್ಟನ್ನು ಬೇರೆಯೇ ಪ್ರಕ್ರಿಯೆಯಾಗಿ ಅದರ ಮೇಲೆ ಓಡಿಸಿ, ಅದು ಪರದೆಯ ಮೇಲೆ ಮುದ್ರಿಸಿದ ಪ್ರತಿ ಸಾಲನ್ನೂ ಮೊದಲೇ ಉಳಿಸಿಟ್ಟ ಪ್ರತಿಯೊಡನೆ ತಾಳೆ ನೋಡುವ ಟೆಸ್ಟ್‌ಗಳು ಅವರ ಬಳಿ ಇದ್ದವು. ಬೀಳಲೇಬೇಕಾದ ಟೆಸ್ಟ್ ನಿಜಕ್ಕೂ ಬಿದ್ದಿತೇ, ಸರಿಯಾದ ಕಾರಣ ಕೊಟ್ಟು ಬಿದ್ದಿತೇ ಎಂಬುದೂ ಆ ಪರೀಕ್ಷೆಯ ಭಾಗ.

ಇಷ್ಟಾದರೂ ಎರಡು ಎಂಜಿನ್‌ಗಳು ಪೂರ್ತಿ ಒಂದೇ ಆಗಲಿಲ್ಲ. ಟೆಸ್ಟ್ ಮುಗಿದ ಮೇಲೆ ಸ್ವಚ್ಛ ಮಾಡುವ ಕೆಲಸಗಳನ್ನು ಜಾಸ್ಮಿನ್ ಬರೆದ ಕ್ರಮಕ್ಕೆ ತಿರುಗುಮುರುಗಾಗಿ ನಡೆಸುತ್ತಿತ್ತು; ಸರ್ಕಸ್ ಬರೆದ ಕ್ರಮದಲ್ಲೇ ನಡೆಸುತ್ತದೆ. ಟೆಸ್ಟ್ ಮುಗಿದ ಸುದ್ದಿಯನ್ನು ಎರಡು ಬೇರೆ ಬೇರೆ ವಿಧಾನಗಳಲ್ಲಿ ಒಟ್ಟಿಗೇ ಹೇಳಿದರೆ ಹಳೆಯದು ಸುಮ್ಮನಿರುತ್ತಿತ್ತು. ಹೊಸದು ಅದನ್ನು ತಪ್ಪೆಂದು ಎತ್ತಿ ತೋರಿಸುತ್ತದೆ. ಇವು ಸುಧಾರಣೆಗಳೇ, ಆದರೆ ಬಿಗಿಯಾದ ಅರ್ಥದಲ್ಲಿ ರಿಫ್ಯಾಕ್ಟರಿಂಗ್ ಅಲ್ಲ, ಏಕೆಂದರೆ ಹೊರಗಿನ ವರ್ತನೆ ಬದಲಾಯಿತು. ತಂಡ ಇದನ್ನು ಮುಚ್ಚಿಡಲಿಲ್ಲ. ವ್ಯತ್ಯಾಸಗಳನ್ನು ಬರೆದಿಟ್ಟಿತು. ಸರ್ಕಸ್ ಎಲ್ಲರ ಪಾಲಿನ ಎಂಜಿನ್ ಆದದ್ದು 2021ರ ಮೇ ತಿಂಗಳ 27ನೇ ಆವೃತ್ತಿಯಲ್ಲಿ, ಅಂದರೆ ಸುಮಾರು ನಾಲ್ಕು ವರ್ಷಗಳ ನಂತರ. ಹಳೆಯದೇ ಬೇಕೆನ್ನುವವರಿಗೆ ಆಗಲೂ ಜಾಸ್ಮಿನ್ ಎಂಜಿನ್ ಸಿಗುತ್ತಿತ್ತು. ನಡುವೆ 2019ರಲ್ಲಿ ಇಡೀ ಕೋಡನ್ನು ಫ್ಲೋ ಭಾಷೆಯಿಂದ ಟೈಪ್‌ಸ್ಕ್ರಿಪ್ಟ್‌ಗೆ ತಂದರು. ಫ್ಲೋ ಫೇಸ್‌ಬುಕ್‌ನದೇ ಕೂಸು. ಹೊರಗಿನ ಸಮುದಾಯ ಓದಬಲ್ಲ ಭಾಷೆಗಾಗಿ ಅದನ್ನು ಬಿಟ್ಟರು. 2022ರಲ್ಲಿ ಜೆಸ್ಟ್ ಓಪನ್‌ಜೆಎಸ್ ಫೌಂಡೇಷನ್ನಿನ ಸ್ವತ್ತಾಯಿತು.

ಹಳೆಯದನ್ನು ನಂಬಿ ಕೂತವರನ್ನು ನಡುನೀರಿನಲ್ಲಿ ಬಿಡದೆ ಹೊಸದಕ್ಕೆ ದಾಟಿಸುವ ಈ ಬಗೆ ಉತ್ತರ ಕನ್ನಡದ ಈ ಭಾಗಕ್ಕೆ ಹೊಸದಲ್ಲ. ಇಲ್ಲಿ ಆಡಳಿತದ ನಕ್ಷೆಯೇ ಕೆಲವು ಸಲ ಮರುಜೋಡಣೆಗೊಂಡಿದೆ. ಕಾಳಿ ನದಿಗೆ ಗಣೇಶಗುಡಿಯ ಬಳಿ ಅಣೆಕಟ್ಟು ಎದ್ದಾಗ ಹಳೆಯ ಸೂಪಾ ಪಟ್ಟಣ ಮುಳುಗಿತು, ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಬಂತು; ಆದರೂ ದಾಖಲೆಗಳಲ್ಲಿ ‘ಸೂಪಾ ತಾಲ್ಲೂಕು’ ಬಹುಕಾಲ ಬದುಕಿತ್ತು. ದಾಂಡೇಲಿ ಹಳಿಯಾಳ ತಾಲ್ಲೂಕಿನ ಭಾಗವಾಗಿತ್ತು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದಾಯಿತು, ಜಿಲ್ಲೆಯ ತಾಲ್ಲೂಕುಗಳ ಸಂಖ್ಯೆ 11ರಿಂದ 12ಕ್ಕೆ ಏರಿತು. ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಯಿತು.

ತಂತ್ರಾಂಶದ ದೃಷ್ಟಿಯಿಂದ ಇವೆಲ್ಲವೂ ಟೆಸ್ಟ್‌ಗೆ ಒಳ್ಳೆಯ ಸಾಮಗ್ರಿ. ಹೊಸ ತಾಲ್ಲೂಕನ್ನು ಪಟ್ಟಿಗೆ ಸೇರಿಸುವುದು ಒಂದು ಸಾಲಿನ ಕೆಲಸ. ಆದರೆ 2010ರಲ್ಲಿ ದಾಂಡೇಲಿಯಲ್ಲಿ ಹುಟ್ಟಿದ ಮಗುವಿನ ಜನನ ದಾಖಲೆಯಲ್ಲಿ ‘ತಾಲ್ಲೂಕು: ಹಳಿಯಾಳ’ ಎಂದೇ ಇರುತ್ತದೆ, ಆ ದಾಖಲೆ ಅಂದೂ ಸರಿ, ಇಂದೂ ಸರಿ. ‘ದಾಂಡೇಲಿ ನಗರ ಎಂದಿದ್ದರೆ ತಾಲ್ಲೂಕು ದಾಂಡೇಲಿಯೇ ಆಗಿರಬೇಕು’ ಎಂಬ ಹೊಸ ನಿಯಮ ಬರೆದವರು ಹಳೆಯ ದಾಖಲೆಗೂ ಒಂದು ಟೆಸ್ಟ್ ಬರೆಯದಿದ್ದರೆ, ಆ ಮಗು ಕಾಲೇಜಿಗೆ ಸೇರುವಾಗ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಪಿನ್‌ಕೋಡ್ ನೋಡಿ: ದಾಂಡೇಲಿ 581325, ಹಳಿಯಾಳ 581329, ಮುಂಡಗೋಡ 581349. ಮೂರನ್ನು ನೋಡಿ ‘ಎಲ್ಲವೂ 5813ರಿಂದ ಶುರುವಾಗುತ್ತವೆ’ ಎಂದು ನಿಯಮ ಮಾಡಿದರೆ ಜೊಯಿಡಾದ 581186 ಹೊರಗುಳಿಯುತ್ತದೆ.

ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ನೆಲೆ ಇದೆ. ಗಾಂದೆನ್, ಡ್ರೆಪುಂಗ್ ಮಠಗಳು ಅಲ್ಲಿ ಮತ್ತೆ ಕಟ್ಟಿಕೊಂಡಿವೆ. ಟಿಬೆಟನ್ನರಲ್ಲಿ ಮನೆತನದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಇಟ್ಟ ಹೆಸರು ಒಂದೋ ಎರಡೋ ಪದ. ‘ಅಡ್ಡಹೆಸರು ಕಡ್ಡಾಯ’ ಎನ್ನುವ ಅರ್ಜಿ ಅವರನ್ನು ಬಾಗಿಲಲ್ಲೇ ತಡೆಯುತ್ತದೆ. ಹಳಿಯಾಳ, ಜೊಯಿಡಾ ಕಡೆ ಮರಾಠಿ, ಕೊಂಕಣಿ ಮನೆಮಾತಾಗಿರುವವರ ಹೆಸರಿಗೆ ಅಡ್ಡಹೆಸರು ಇದ್ದೇ ಇರುತ್ತದೆ. ಒಂದೇ ಜಿಲ್ಲೆಯ ತಾಲ್ಲೂಕುಗಳಲ್ಲೇ ಹೆಸರಿನ ಆಕಾರ ಬೇರೆ ಬೇರೆ. ಅಮೆರಿಕದ ಕಾಲ್ಪನಿಕ ಜಾನ್, ಜೇನ್‌ಗಳನ್ನು ಟೆಸ್ಟ್‌ಗೆ ಕೊಡುವವರಿಗೆ ಇದೊಂದೂ ಹೊಳೆಯುವುದಿಲ್ಲ.

ಇನ್ನು ಫ್ರೇಮ್‌ವರ್ಕ್‌ಗಳು ಕನ್ನಡವನ್ನು ನಡೆಸಿಕೊಳ್ಳುವ ರೀತಿ. ಇಲ್ಲಿ ಮಾಡಬೇಕಾದ ಕೆಲಸ ಇನ್ನೂ ಸಾಕಷ್ಟಿದೆ.

ಯೂನಿಕೋಡ್‌ನಲ್ಲಿ ‘ಜೊ’ ಅಕ್ಷರವನ್ನು ಎರಡು ರೀತಿಯಲ್ಲಿ ಬರೆಯಬಹುದು. ಜಕಾರಕ್ಕೆ ಒತ್ವದ ಒಂದೇ ಚಿಹ್ನೆ ಹಚ್ಚಬಹುದು. ಇಲ್ಲವೇ ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಒಂದರ ಪಕ್ಕ ಒಂದು ಇಡಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲ ರೀತಿಯಲ್ಲಿ ಬರೆದ ಜೊಯಿಡಾ ಆರು ಸಂಕೇತ, ಎರಡನೆಯದು ಏಳು. ಮುಂಡಗೋಡ ಹೀಗೆ ಬಿಡಿಸಿದರೆ ಏಳರಿಂದ ಒಂಬತ್ತಾಗುತ್ತದೆ, ಏಕೆಂದರೆ ‘ಗೋ’ದ ಚಿಹ್ನೆ ಮೂರು ತುಂಡಾಗುತ್ತದೆ. ಜಾವಾಸ್ಕ್ರಿಪ್ಟ್‌ನ ಮಟ್ಟಿಗೆ ಇವು ಸಮವಲ್ಲ. ಟೆಸ್ಟ್ ಬೀಳುತ್ತದೆ, ವರದಿ ಬರುತ್ತದೆ: ಬೇಕಾದದ್ದು ‘ಜೊಯಿಡಾ’, ಸಿಕ್ಕಿದ್ದು ‘ಜೊಯಿಡಾ’. ಇದನ್ನು ಓದಿದ ಹುಡುಗಿ ಏನು ಮಾಡಬೇಕು? ‘ಸಾಫ್ಟ್‌ವೇರ್’ನಂಥ ಪದದಲ್ಲಿ ಟಕಾರ ವಕಾರಕ್ಕೆ ಅಂಟದಿರಲೆಂದು ನಡುವೆ ಇಡುವ ಕಾಣದ ಸಂಕೇತವೂ ಹೀಗೇ ಕಾಡುತ್ತದೆ. ಅದು ಅಲ್ಲಿದೆಯೆಂದು ವರದಿ ತೋರಿಸುವುದಿಲ್ಲ.

ಪರಿಹಾರ ಕಷ್ಟವಲ್ಲ. ‘ನಾರ್ಮಲೈಸ್’ ಎಂಬ ಕ್ರಿಯೆ ಜಾವಾಸ್ಕ್ರಿಪ್ಟ್‌ನಲ್ಲಿ 2015ರಿಂದ ಇದೆ. ಬಿಡಿಸಿದ ರೂಪಗಳನ್ನು ಕೂಡಿಸಿದ ಒಂದೇ ರೂಪಕ್ಕೆ ತರುತ್ತದೆ. ಆದರೆ ಫ್ರೇಮ್‌ವರ್ಕ್ ತಾನಾಗಿ ಇದನ್ನು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಮಾಡಿದರೆ ನಿಜವಾದ ವ್ಯತ್ಯಾಸ ಮುಚ್ಚಿಹೋಗಿ ಸುಳ್ಳು ಹಸಿರು ಹುಟ್ಟುತ್ತದೆ. ಡೇಟಾಬೇಸಿನಲ್ಲಿ ಹುಡುಕುವಾಗ ಅದೇ ಜೊಯಿಡಾ ಸಿಗದೆ ಹೋಗುತ್ತದೆ. ಟೆಸ್ಟ್ ಬೀಳಲಿ. ಬಿದ್ದಾಗ ವರದಿ ಸ್ಪಷ್ಟವಾಗಿ ಹೇಳಲಿ: ‘ಇವೆರಡೂ ನೋಡಲು ಒಂದೇ, ಒಳಗಿನ ಸಂಕೇತ ಬೇರೆ’ ಎಂದು ಸಂಕೇತಗಳನ್ನೇ ಬಿಡಿಸಿ ತೋರಿಸಲಿ. ಕೆಂಪು ಗುರುತು ಹಾಕುವುದಷ್ಟೇ ಅಲ್ಲ, ಕೆಂಪಿನ ಕಾರಣ ಅರ್ಥವಾಗುವಂತೆ ಹೇಳುವುದೂ ಫ್ರೇಮ್‌ವರ್ಕ್‌ನ ಹೊಣೆ.

ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುವ ಭಾಗಕ್ಕೂ ಇದೇ ಮಾತು ಸಲ್ಲುತ್ತದೆ. ಜೆಸ್ಟ್ ಎರಡು ಸಾಲುಗಳನ್ನು ಸಂಕೇತ ಸಂಕೇತವಾಗಿ ಹೋಲಿಸುತ್ತದೆ. ‘ದಾಂಡೇಲಿ’ಯ ಬದಲು ‘ದಾಂಡೇಲೀ’ ಬಂದರೆ ಬೇರೆಯಾದದ್ದು ಕೊನೆಯ ಸ್ವರಚಿಹ್ನೆ ಮಾತ್ರ; ಲಕಾರವನ್ನು ಬಿಟ್ಟು ಆ ಚಿಹ್ನೆಗಷ್ಟೇ ಬಣ್ಣ ಹಚ್ಚಲು ಹೋದಾಗ ನಡುವೆ ಬಣ್ಣದ ಆದೇಶ ತೂರಿಕೊಂಡು ಅಕ್ಷರ ಎರಡಾಗಿ ಒಡೆಯುತ್ತದೆ. ಇಲ್ಲಿ ಹೋಲಿಕೆಯ ಘಟಕ ಅಕ್ಷರವೇ ಆಗಬೇಕು. ಅದಕ್ಕೆ ಬೇಕಾದ ಸಲಕರಣೆ ‘ಇಂಟ್ಲ್ ಸೆಗ್‌ಮೆಂಟರ್’ ಈಗ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಅದು ದಾಂಡೇಲಿಗೆ ಮೂರು ಎಂದೇ ಹೇಳುತ್ತದೆ.

ಒತ್ತಕ್ಷರಗಳ ವಿಷಯದಲ್ಲಿ ಮಾತ್ರ ಅದೂ ಎಡವುತ್ತದೆ. ‘ಉತ್ತರ’ ನಮಗೆ ಮೂರು ಅಕ್ಷರ, ಸೆಗ್‌ಮೆಂಟರ್‌ಗೆ ನಾಲ್ಕು. ತಕಾರದ ಒತ್ತನ್ನು ಅದು ಬಿಡಿಸಿ ಎಣಿಸುತ್ತದೆ. 2023ರ ಯೂನಿಕೋಡ್ 15.1 ಆವೃತ್ತಿ ಒತ್ತಕ್ಷರವನ್ನು ಇಡಿಯಾಗಿ ಎಣಿಸುವ ಹೊಸ ನಿಯಮ ತಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ತೆಲುಗಿನಷ್ಟೇ ಒತ್ತಕ್ಷರಗಳಿರುವ, ಅದರ ಸೋದರ ಲಿಪಿಗೆ ಇಲ್ಲಿ ಜಾಗ ಸಿಗದೆ ಹೋದದ್ದು ನನಗೆ ನೋವಿನ ಸಂಗತಿ.

ತಪ್ಪನ್ನು ತಿದ್ದುವ ಬಗೆಯಲ್ಲಿ ಯೂನಿಕೋಡ್‌ನಿಂದಲೇ ಕಲಿಯಬೇಕಾದದ್ದಿದೆ. ಟಿಬೆಟನ್ ಲಿಪಿಯನ್ನು ಅದರ ಮೊದಲ ಆವೃತ್ತಿಯಲ್ಲಿ ಸೇರಿಸಿ, ವಿನ್ಯಾಸ ಸರಿಯಿಲ್ಲವೆಂದು ಮುಂದಿನ 1.1ರಲ್ಲಿ ತೆಗೆದುಹಾಕಿ, 1996ರ 2.0 ಆವೃತ್ತಿಯಲ್ಲಿ ಹೊಸ ವಿನ್ಯಾಸದಲ್ಲಿ ಬೇರೆ ಜಾಗದಲ್ಲಿ ಮತ್ತೆ ಸೇರಿಸಿದರು. ಆಮೇಲೆ ಒಮ್ಮೆ ಸೇರಿಸಿದ ಸಂಕೇತವನ್ನು ಎಂದೂ ತೆಗೆಯುವುದಿಲ್ಲ, ಅದರ ಹೆಸರನ್ನೂ ಬದಲಿಸುವುದಿಲ್ಲ ಎಂಬ ಮಾತು ಕೊಟ್ಟರು. ಆ ಮಾತಿನ ಬಿಸಿ ಕನ್ನಡಕ್ಕೂ ತಟ್ಟಿದೆ: ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಉಚ್ಚಾರದ ಹೆಸರು ಬಿದ್ದಿದೆ. ತಪ್ಪೆಂದು ಎಲ್ಲರೂ ಒಪ್ಪಿದ್ದಾರೆ. ಆದರೂ ಹಳೆಯ ಹೆಸರು ಹಾಗೇ ಇದೆ, ಪಕ್ಕದಲ್ಲಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆ. ಹಳೆಯ ಹೆಸರನ್ನು ನಂಬಿ ಬರೆದ ಒಂದು ಪ್ರೋಗ್ರಾಮೂ ಮುರಿಯಲಿಲ್ಲ.

ಇದೇ ಬಗೆಯ ದುರಸ್ತಿಗೆ ಕಾದಿರುವ ಇನ್ನೊಂದು ಪಟ್ಟಿ ಕನ್ನಡಿಗರ ಕೈಯಳತೆಯಲ್ಲೇ ಇದೆ. ಆಸ್ಲಾಕ್ ಹೆಲ್ಲೆಸೊಯ್ 2008ರಲ್ಲಿ ಆರಂಭಿಸಿದ ಕ್ಯುಕಂಬರ್ ಎಂಬ ವ್ಯವಸ್ಥೆಯಲ್ಲಿ ಟೆಸ್ಟ್‌ಗಳನ್ನು ಆಡುಮಾತಿನ ವಾಕ್ಯಗಳಲ್ಲಿ ಬರೆಯಬಹುದು. ಜಾವಾಸ್ಕ್ರಿಪ್ಟ್‌ಗೂ ಅದರ ಆವೃತ್ತಿ ಇದೆ. ಪ್ರೋಗ್ರಾಮಿಂಗ್ ಬಾರದ ಗ್ರಾಮ ಆಡಳಿತಾಧಿಕಾರಿಯೋ ಶಿಕ್ಷಕಿಯೋ ಅದನ್ನು ಓದಿ ‘ಹೌದು, ನಮ್ಮಲ್ಲಿ ಹೀಗೇ ನಡೆಯುವುದು’ ಎಂದು ಹೇಳಬಲ್ಲರು. ವಾಕ್ಯಗಳ ಮೊದಲಿಗೆ ಬರುವ ಗುರುತಿನ ಪದಗಳನ್ನು ಅದರ ನಿರ್ಮಾಪಕರು ಕೋಡಿನ ಒಳಗೆ ಹುದುಗಿಸದೆ ಒಂದು ಪ್ರತ್ಯೇಕ ಪಟ್ಟಿಯಲ್ಲಿ ಇಟ್ಟರು. ಇದರಿಂದಾಗಿ 70ಕ್ಕೂ ಹೆಚ್ಚು ಭಾಷೆಗಳು ಅದರೊಳಗೆ ಬರಲು ಸಾಧ್ಯವಾಯಿತು, ಕನ್ನಡವೂ ಬಂದಿದೆ. ಹಿನ್ನೆಲೆ, ಕಥಾಸಾರಾಂಶ, ಉದಾಹರಣೆಗಳು, ನಂತರ, ಮತ್ತು, ಆದರೆ ಇವೆಲ್ಲ ಅಲ್ಲಿವೆ. ಜಗತ್ತಿನ ಹೆಸರಾಂತ ಟೆಸ್ಟಿಂಗ್ ಫ್ರೇಮ್‌ವರ್ಕ್ ಒಂದರ ಒಳಗೆ ಕನ್ನಡ ಇದೆ ಎಂಬುದು ಸಣ್ಣ ಸಂಗತಿಯಲ್ಲ. ಯಾರೋ ಪ್ರೀತಿಯಿಂದ ಮಾಡಿದ ಕೆಲಸ ಅದು.

ಆದರೆ ತಂತ್ರಾಂಶದ ಒಂದು ಸೌಲಭ್ಯವನ್ನು ಸೂಚಿಸುವ ಕಡೆ ಆ ಪಟ್ಟಿಯಲ್ಲಿರುವುದು ‘ಹೆಚ್ಚಳ’. ‘ಹೀಗಾದಾಗ’ ಎನ್ನಬೇಕಾದ ಕಡೆ ‘ಸ್ಥಿತಿಯನ್ನು’. ಈ ಪದಗಳಿಂದ ಶುರುಮಾಡಿ ಬರೆದ ವಾಕ್ಯವನ್ನು ಆ ಶಿಕ್ಷಕಿ ಓದಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಆಮೇಲೆ ಬಂದ ‘ರೂಲ್’ ಎಂಬ ಗುರುತು ಕನ್ನಡದ ಪಟ್ಟಿಗೂ ಇಂಗ್ಲಿಷ್ ರೂಪದಲ್ಲೇ ಸೇರಿತು. ತೊಡಕಿನ ಬೇರು ಇನ್ನೂ ಆಳದಲ್ಲಿದೆ. ಗುರುತಿನ ಪದ ಸಾಲಿನ ಮೊದಲಲ್ಲೇ ಇರಬೇಕೆಂಬುದು ಕ್ಯುಕಂಬರ್‌ನ ವ್ಯಾಕರಣ. ನಾವು ‘ಅರ್ಜಿ ಸಲ್ಲಿಸಿದಾಗ’, ‘ವಿಳಾಸ ತಪ್ಪಾಗಿದ್ದರೆ’ ಎಂದು ಷರತ್ತನ್ನು ಕೊನೆಯಲ್ಲಿ ಹೇಳುವವರು. ವಿಭಕ್ತಿಗಳದ್ದೂ ಇದೇ ಪಾಡು: ದಾಂಡೇಲಿಯಲ್ಲಿ, ಹಳಿಯಾಳದಲ್ಲಿ, ಮುಂಡಗೋಡಿನಲ್ಲಿ ಎನ್ನುವಾಗ ಊರಿನ ಹೆಸರಿನ ಬಾಲವೇ ಬದಲಾಗುತ್ತದೆ, ಹೆಸರನ್ನು ಮಾತ್ರ ಎತ್ತಿಕೊಳ್ಳಬೇಕಾದ ಯಂತ್ರ ಗೊಂದಲಕ್ಕೆ ಬೀಳುತ್ತದೆ.

ದಾರಿಗಳಿವೆ. ಗುರುತಿನ ಪದದ ಬದಲು ಒಂದು ನಕ್ಷತ್ರ ಚಿಹ್ನೆ ಇಟ್ಟು ವಾಕ್ಯವನ್ನು ಕನ್ನಡದ ಜಾಯಮಾನದಲ್ಲೇ ಬರೆಯಲು ಕ್ಯುಕಂಬರ್ ಬಿಡುತ್ತದೆ. ಥಾಟ್‌ವರ್ಕ್ಸ್ ಕಂಪನಿ ರೂಪಿಸಿದ ಗೇಜ್ ಎಂಬ ವ್ಯವಸ್ಥೆಯಲ್ಲಂತೂ ಗುರುತಿನ ಪದಗಳೇ ಇಲ್ಲ, ಪ್ರತಿ ಹೆಜ್ಜೆಗೂ ಬರೀ ನಕ್ಷತ್ರ. ಊರಿನ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ‘ದಾಂಡೇಲಿ’ ತಾಲ್ಲೂಕಿನಲ್ಲಿ, ‘ಹಳಿಯಾಳ’ ತಾಲ್ಲೂಕಿನಲ್ಲಿ ಎಂದು ಬರೆದರೆ ವಿಭಕ್ತಿಯ ತೊಡಕೂ ಕಳೆಯುತ್ತದೆ, ಕನ್ನಡವೂ ಕೆಡುವುದಿಲ್ಲ. ಪಟ್ಟಿಯನ್ನು ತಿದ್ದುವವರು ‘ಹೆಚ್ಚಳ’ವನ್ನು ಅಳಿಸಬಾರದು, ಅದನ್ನು ನಂಬಿ ಎಲ್ಲೋ ಯಾರೋ ಟೆಸ್ಟ್ ಬರೆದಿಟ್ಟಿರಬಹುದು. ಒಂದೇ ಗುರುತಿಗೆ ಹಲವು ಪದಗಳನ್ನು ಆ ಪಟ್ಟಿ ಒಪ್ಪುತ್ತದೆ. ‘ಹೆಚ್ಚಳ’ದ ಪಕ್ಕದಲ್ಲಿ ‘ಸೌಲಭ್ಯ’, ‘ಸ್ಥಿತಿಯನ್ನು’ ಪಕ್ಕದಲ್ಲಿ ‘ಹೀಗಾದಾಗ’, ‘ರೂಲ್’ ಪಕ್ಕದಲ್ಲಿ ‘ನಿಯಮ’ ಬಂದು ಕೂರಲಿ.

ಹಳಿಯಾಳದಲ್ಲಿ ಕರ್ನಾಟಕ ಲಾ ಸೊಸೈಟಿಯ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯ 2004ರಿಂದ ನಡೆಯುತ್ತಿದೆ. ಅಲ್ಲಿ ಓದುವವರಿಗೂ, ಈ ನಾಲ್ಕು ತಾಲ್ಲೂಕುಗಳಿಂದ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಕಾಲೇಜುಗಳಿಗೆ ಹೋದವರಿಗೂ ಈ ಕೆಲಸಕ್ಕೆ ಬೇಕಾದ ಎರಡೂ ಅರ್ಹತೆಗಳಿವೆ: ಜಾವಾಸ್ಕ್ರಿಪ್ಟ್ ಪಠ್ಯದಲ್ಲಿ ಬರುತ್ತದೆ, ಮನೆಯಲ್ಲಿ ಎರಡು ಮೂರು ಭಾಷೆಗಳು ಓಡಾಡುತ್ತವೆ. ಜೊಯಿಡಾದ ಕಾಡಿನಂಚಿನ ಊರಿಗೆ ರಜೆಗೆ ಹೋದಾಗ ನೆಟ್‌ವರ್ಕ್ ಕೈಕೊಡುವುದರಿಂದ ಕೆಲಸ ನಿಲ್ಲಬೇಕಾಗಿಲ್ಲ. ಜೆಸ್ಟ್ ಸ್ಥಾಪಿಸಲು ನೂರಾರು ಪ್ಯಾಕೇಜುಗಳನ್ನು ಇಳಿಸಿಕೊಳ್ಳಬೇಕು. ನೋಡ್‌ನ ಒಳಗೇ ಇರುವ ಪರೀಕ್ಷಾ ವ್ಯವಸ್ಥೆಗೆ ಏನನ್ನೂ ಇಳಿಸಬೇಕಿಲ್ಲ, 2023ರ 20ನೇ ಆವೃತ್ತಿಯಿಂದ ಅದು ಸ್ಥಿರವೆಂದು ಘೋಷಿತವಾಗಿದೆ. ಸಂಪರ್ಕ ಕಡಿದಾಗ ಅರ್ಜಿಯಲ್ಲಿ ತುಂಬಿದ್ದೆಲ್ಲ ಅಳಿಸಿಹೋಗುತ್ತದೆಯೋ ಉಳಿಯುತ್ತದೆಯೋ ಎಂಬುದಕ್ಕೂ ಟೆಸ್ಟ್ ಬರೆಯಬಹುದು. ಮೈಕ್ರೋಸಾಫ್ಟ್‌ನ ಪ್ಲೇರೈಟ್ ಎಂಬ ಪರೀಕ್ಷಾ ವ್ಯವಸ್ಥೆಯಲ್ಲಿ ಬ್ರೌಸರನ್ನು ಬೇಕೆಂದಾಗ ಸಂಪರ್ಕ ತಪ್ಪಿದ ಸ್ಥಿತಿಗೆ ತರುವ ಆದೇಶವೇ ಇದೆ. ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಅರ್ಜಿ ತುಂಬಿದ ಅನುಭವ ಇರುವವರು ಈ ಟೆಸ್ಟನ್ನು ಮೊದಲು ಬರೆಯುತ್ತಾರೆ.

ಕ್ಯುಕಂಬರ್, ಜೆಸ್ಟ್, ನೋಡ್ ಮೂರರ ಕೋಡೂ ಮುಕ್ತ. ತಿದ್ದುಪಡಿ ಕಳಿಸಲು ಯಾವ ಪದವಿಯೂ ಬೇಡ. ಮೊದಲ ತಿದ್ದುಪಡಿ ಕ್ಯುಕಂಬರ್‌ನ ಕನ್ನಡ ಪಟ್ಟಿಯ ಮೂರು ಪದಗಳದ್ದಾಗಲಿ. ಎರಡನೆಯದು, ನೋಡಲು ಒಂದೇ ಆದ ಎರಡು ‘ಜೊಯಿಡಾ’ಗಳ ಸಂಕೇತಗಳನ್ನು ಬಿಡಿಸಿ ತೋರಿಸುವ ವರದಿಯದ್ದು. ಅದಕ್ಕೆ ಮೊದಲು ಒಂದು ಟೆಸ್ಟ್ ಬರೆದು, ಈಗಿನ ಫ್ರೇಮ್‌ವರ್ಕ್‌ನಲ್ಲಿ ಓಡಿಸಿ, ಅದು ಕೆಂಪಾಗುವುದನ್ನು ನೋಡಿಕೊಂಡು, ಆಮೇಲೆ ಕೋಡಿಗೆ ಕೈ ಹಾಕಬೇಕು.